ರೋಬಾಟ್ ಕಟ್ಟುವ ಮೊದಲು ನಿಯಮ ಓದುವುದು ಹೇಗೆ?

ಅಮೆರಿಕದಲ್ಲಿ 1992ರಲ್ಲಿ ಶುರುವಾದ ಫಸ್ಟ್ ರೊಬೊಟಿಕ್ಸ್ ಕಾಂಪಿಟಿಷನ್, ಅಂದರೆ ಎಫ್‌ಆರ್‌ಸಿ ಎಂಬ ಹೈಸ್ಕೂಲ್ ವಿದ್ಯಾರ್ಥಿಗಳ ರೋಬಾಟ್ ಸ್ಪರ್ಧೆ, ಪ್ರತಿ ಜನವರಿಯಲ್ಲಿ ಹೊಸ ಆಟವೊಂದನ್ನು ಬಿಡುಗಡೆ ಮಾಡುತ್ತದೆ. ಒಂದೊಂದು ಕಡೆ ಮೂರು ತಂಡ, ಸುಮಾರು ಎರಡೂವರೆ ನಿಮಿಷದ ಪಂದ್ಯ. ಜೊತೆಗೆ ನೂರಕ್ಕೂ ಹೆಚ್ಚು ಪುಟಗಳ ಗೇಮ್ ಮ್ಯಾನ್ಯುಯಲ್, ಅಂದರೆ ನಿಯಮಗಳ ಪುಸ್ತಕ. ಬಿಡುಗಡೆಯ ವಿಡಿಯೊ ಮುಗಿಯುತ್ತಿದ್ದಂತೆ ಹುಡುಗರು ಮೋಟರ್, ಗೇರ್ ಎಂದು ಚರ್ಚೆಗೆ ಇಳಿಯುತ್ತಾರೆ. ಪುಸ್ತಕ ಪೂರ್ತಿ ಓದುವವರೆಗೆ ಸ್ಪ್ಯಾನರ್ ಮುಟ್ಟಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆಟದ ಅಂಕಣದಲ್ಲಿ ಹೆಡ್ ರೆಫರಿಯ ಮಾತೇ ಕೊನೆ. ನಿಯಮದ ಬಗ್ಗೆ ಎಷ್ಟು ವಾದ ಮಾಡಬೇಕೋ ಅಷ್ಟನ್ನೂ ವರ್ಕ್‌ಶಾಪ್‌ನಲ್ಲೇ ಮುಗಿಸಿಕೊಳ್ಳಬೇಕು.

ಪದಗಳ ಅರ್ಥದಿಂದ ಶುರುಮಾಡಿ

ಮ್ಯಾನ್ಯುಯಲ್‌ನಲ್ಲಿ ದೊಡ್ಡಕ್ಷರಗಳಲ್ಲಿ ಅಚ್ಚಾದ ಪದಗಳಿಗೆಲ್ಲ ಕೊನೆಯ ಪದಕೋಶದಲ್ಲಿ ಅರ್ಥ ಕೊಟ್ಟಿರುತ್ತಾರೆ. ಅಲ್ಲಿ ‘ಮೊಮೆಂಟರಿ’ ಎಂದರೆ ಸುಮಾರು 3 ಸೆಕೆಂಡಿಗಿಂತ ಕಡಿಮೆ, ‘ಕಂಟಿನ್ಯುಯಸ್’ ಎಂದರೆ ಸುಮಾರು 10 ಸೆಕೆಂಡಿಗಿಂತ ಹೆಚ್ಚು. ಮಾಮೂಲಿ ಇಂಗ್ಲಿಷಿನ ಅರ್ಥವನ್ನು ಅಲ್ಲಿಗೆ ತರುವಂತಿಲ್ಲ. ಪದಕೋಶವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ.

ನಿಯಮವನ್ನು ಬಿಡಿಸಿ ಓದಿ

ಪ್ರತಿ ನಿಯಮಕ್ಕೂ ಒಂದು ದಪ್ಪಕ್ಷರದ ತಲೆಬರಹವಿರುತ್ತದೆ, ಅದರ ಕೆಳಗೆ ಪೂರ್ಣ ಪಠ್ಯ, ಆಮೇಲೆ ದಂಡದ ವಿವರ. ಕೆಲವು ಕಡೆ ವಿವರಣೆಗೆಂದು ನೀಲಿ ಬಾಕ್ಸ್ ಇರುತ್ತದೆ. ತಲೆಬರಹ ಸಾರಾಂಶ ಮಾತ್ರ. ನೀಲಿ ಬಾಕ್ಸಿಗೂ ನಿಯಮಕ್ಕೂ ಹೊಂದಾಣಿಕೆ ತಪ್ಪಿದರೆ ನಿಲ್ಲುವುದು ನಿಯಮವೇ. ಬರೆದದ್ದಕ್ಕೆ ಬರೆದಷ್ಟೇ ಅರ್ಥ, ಉದ್ದೇಶ ಊಹಿಸಬೇಡಿ, ಹಿಂದಿನ ವರ್ಷದ ನಿಯಮ ನೆನೆದು ಓದಬೇಡಿ ಎಂದು ಮ್ಯಾನ್ಯುಯಲ್ ತಾನೇ ಹೇಳುತ್ತದೆ.

2025ರ ಪಿನ್ನಿಂಗ್ ನಿಯಮವನ್ನೇ ನೋಡಿ. ಎದುರಾಳಿ ರೋಬಾಟನ್ನು 3 ಸೆಕೆಂಡಿಗಿಂತ ಹೆಚ್ಚು ಹೊತ್ತು ಅಲುಗಾಡದಂತೆ ಒತ್ತಿ ಹಿಡಿಯುವಂತಿಲ್ಲ. ಅದಕ್ಕೂ ಹಿಂದೆ ಈ ಮಿತಿ 5 ಸೆಕೆಂಡ್ ಇತ್ತು. ಹಳೆಯ ಅಭ್ಯಾಸದಲ್ಲೇ ಆಡಿದ ಡ್ರೈವರ್‌ಗೆ ದಂಡ ಖಚಿತ. ಇನ್ನು ಪಠ್ಯದಲ್ಲಿರುವ ಷರತ್ತುಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಸಂಪರ್ಕ ಇರಬೇಕು, ನೇರವಾಗಿಯಾದರೂ ಸರಿ, ಗೋಡೆಯಂಥ ಅಂಕಣದ ಭಾಗಕ್ಕೆ ಒತ್ತಿಯಾದರೂ ಸರಿ. ಆ ಸಂಪರ್ಕದಿಂದ ಚಲನೆ ನಿಲ್ಲಬೇಕು. ಜೊತೆಗೆ, ಸಿಕ್ಕಿಬಿದ್ದ ರೋಬಾಟ್ ಕದಲಲು ಯತ್ನಿಸುತ್ತಿರಬೇಕು. ಹೆಚ್ಚಿನವರ ಕಣ್ಣು ತಪ್ಪುವುದು ಈ ಕೊನೆಯ ಷರತ್ತು. ಎದುರಾಳಿ ಸುಮ್ಮನೆ ನಿಂತಿದ್ದರೆ ಅದು ಪಿನ್ ಅಲ್ಲ. ಅಂದಮೇಲೆ, ಸಿಕ್ಕಿಕೊಂಡಾಗ ಜಾಯ್‌ಸ್ಟಿಕ್ ಬಿಟ್ಟು ಕೂರಬೇಡ, ತಪ್ಪಿಸಿಕೊಳ್ಳುವ ಪ್ರಯತ್ನ ರೆಫರಿಗೆ ಕಾಣಲಿ ಎಂದು ನಿಮ್ಮ ಡ್ರೈವರ್‌ಗೆ ಕಲಿಸಬೇಕು. ಪಿನ್ ಮುಗಿಯುವುದಕ್ಕೂ ಲೆಕ್ಕವಿದೆ. ಎರಡು ರೋಬಾಟ್‌ಗಳು 6 ಅಡಿ ದೂರವಾಗಿ 3 ಸೆಕೆಂಡ್ ಮೀರಿದರೆ ಮುಗಿಯಿತು. ಇದು ಒಂದು ದಾರಿ, ಉಳಿದವನ್ನೂ ಪಠ್ಯದಲ್ಲಿ ಹುಡುಕಿ. ಆಮೇಲೆ ನೆಲದ ಮೇಲೆ ಟೇಪ್ ಅಂಟಿಸಿ 6 ಅಡಿ ಎಂದರೆ ಎಷ್ಟೆಂದು ಡ್ರೈವರ್ ಕಣ್ಣಿಗೆ ಅಭ್ಯಾಸ ಮಾಡಿಸಿ.

ಬರೆಯದೇ ಬಿಟ್ಟದ್ದನ್ನೂ ಹುಡುಕಿ

2010ರ ‘ಬ್ರೇಕ್‌ಅವೇ’ ಫುಟ್‌ಬಾಲ್ ಮಾದರಿಯ ಆಟ. ಗೋಲಾದ ಚೆಂಡನ್ನು ಎತ್ತರದ ಹಳಿಯ ಮೇಲಿಟ್ಟು ಮತ್ತೆ ಅಂಕಣದ ನಡುವಿಗೆ ಬೀಳಿಸಬೇಕಿತ್ತು. ಮಿಶಿಗನ್‌ನ 469ನೇ ತಂಡ ಚೆಂಡು ಬೀಳುವ ಜಾಗದಲ್ಲೇ ರೋಬಾಟ್ ನಿಲ್ಲಿಸಿ, ಬಿದ್ದ ಚೆಂಡು ಅದರ ಮೇಲಿಂದ ಜಾರಿ ತನ್ನ ಗೋಲಿನ ಕಡೆಗೇ ಮತ್ತೆ ಹೋಗುವಂತೆ ಮಾಡಿತು. ಹಾಗೆ ಮಾಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಆ ತಂಡ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ ತಲುಪಿತು. ಇದನ್ನು ಕಳ್ಳದಾರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಲ್ಲರ ಕೈಗೂ ಸಿಕ್ಕಿದ್ದ ಅದೇ ಪುಟಗಳನ್ನು ಅವರು ಹೆಚ್ಚು ಶ್ರದ್ಧೆಯಿಂದ ಓದಿದ್ದರು, ಅಷ್ಟೇ.

ಸಂಶಯವಿದ್ದರೆ ಬೇಗ ಕೇಳಿ

ಕಟ್ಟುವ ದಿನಗಳಲ್ಲಿ ಮಂಗಳವಾರ ಮತ್ತು ಶುಕ್ರವಾರ ‘ಟೀಮ್ ಅಪ್‌ಡೇಟ್’ ಬರುತ್ತದೆ. ಅದು ಮ್ಯಾನ್ಯುಯಲ್‌ನ ಪಠ್ಯವನ್ನೇ ಬದಲಿಸುವುದರಿಂದ, ಓದುವ ಹೊಣೆಯನ್ನು ಒಬ್ಬ ವಿದ್ಯಾರ್ಥಿಗೆ ಹೆಸರಿಟ್ಟು ವಹಿಸಿ. ಪ್ರಶ್ನೆ ಕೇಳಲು ಅಧಿಕೃತ ಪ್ರಶ್ನೋತ್ತರ ವ್ಯವಸ್ಥೆ ಇದೆ. ‘ನಮ್ಮ ರೋಬಾಟ್ ಸರಿಯಿದೆಯಾ?’ ಎಂದು ಅಲ್ಲಿ ಕೇಳಿದರೆ ಉತ್ತರ ಸಿಗದು, ಏಕೆಂದರೆ ವಿನ್ಯಾಸಕ್ಕೆ ಅನುಮತಿ ಕೊಡುವುದು ಅದರ ಕೆಲಸವಲ್ಲ. ನಿಯಮದ ಸಂಖ್ಯೆ ಹೆಸರಿಸಿ, ಅದರಲ್ಲಿ ಗೊಂದಲವಾದ ಪದವನ್ನು ತೋರಿಸಿ, ನೀವು ಮಾಡಿಕೊಂಡ ಅರ್ಥ ಬರೆದು, ಅದು ಸರಿಯೇ ಎಂದು ಕೇಳಿ. ಮೊದಲೇ ಯಾರಾದರೂ ಕೇಳಿದ್ದಾರಾ ಎಂದೂ ಹುಡುಕಿ ನೋಡಿ.

ಪಂದ್ಯದ ದಿನ

ತೀರ್ಪು ತಪ್ಪೆನಿಸಿದರೆ, ಪಂದ್ಯದಲ್ಲಿ ರೋಬಾಟ್ ನಡೆಸುವ ಡ್ರೈವ್ ಟೀಮ್‌ನ ಒಬ್ಬ ವಿದ್ಯಾರ್ಥಿ ಅಂಕಣದ ಪಕ್ಕದ ‘ಕ್ವೆಶ್ಚನ್ ಬಾಕ್ಸ್’ನಲ್ಲಿ ನಿಂತು ಕೇಳಬಹುದು. ಮೆಂಟರ್, ಅಪ್ಪ-ಅಮ್ಮ ಹೋಗುವಂತಿಲ್ಲ. ಈ ವ್ಯವಸ್ಥೆ ನನಗೆ ತುಂಬ ಇಷ್ಟ, ಮಾತಾಡುವ ಧೈರ್ಯ ಮಕ್ಕಳಿಗೇ ಬರಬೇಕು. ಮೊಬೈಲ್ ವಿಡಿಯೊ ಒಯ್ಯಬೇಡಿ, ಹೆಡ್ ರೆಫರಿ ಅದನ್ನು ನೋಡುವುದಿಲ್ಲ. ‘ನೀವು ತಪ್ಪು ಮಾಡಿದ್ರಿ’ ಎನ್ನುವ ಬದಲು ‘ಸರ್, ಪಿನ್ನಿಂಗ್ ದಂಡ ಹಾಕಿದ್ದೀರಿ. ಎಣಿಕೆ ಯಾವಾಗ ಶುರುವಾಯಿತು, ಯಾವುದರಿಂದ ಮುಗಿಯಿತು ಅಂತ ತಿಳಿಸ್ತೀರಾ?’ ಎಂದು ಕೇಳಿದರೆ ಉಪಯೋಗವಾಗುವ ಉತ್ತರ ಸಿಗುತ್ತದೆ. ಅಂಕ ಬದಲಾಗದಿರಬಹುದು. ಆದರೂ ಆ ಉತ್ತರವನ್ನು ಅಲ್ಲೇ ಬರೆದುಕೊಂಡು, ಮುಂದಿನ ಪಂದ್ಯಕ್ಕೆ ಸಾಲಿನಲ್ಲಿ ನಿಲ್ಲುವ ಮೊದಲು ನಿಮ್ಮ ಡ್ರೈವರ್‌ಗೂ ಜೊತೆಗೆ ಆಡುವ ಎರಡು ತಂಡಗಳಿಗೂ ತಿಳಿಸಿ.