ಹಳೆಯ ಸ್ಟುಡಿಯೋ ಚಿತ್ರಕ್ಕೆ ವಿಶೇಷ ಡಿಸ್ಕ್: ನಾನು ಆರಿಸುವ ಮತ್ತು ಸಿದ್ಧಪಡಿಸುವ ಬಗೆ

ಹಾಲಿವುಡ್‌ನ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಮನೆಯಲ್ಲಿ ನೋಡುವವರಿಗಾಗಿ ಬ್ಲೂ-ರೇ ಮತ್ತು 4ಕೆ ಡಿಸ್ಕ್‌ಗಳಲ್ಲಿ ವಿಶೇಷ ಆವೃತ್ತಿಗಳಾಗಿ ಸಿದ್ಧಪಡಿಸುವುದು ನನ್ನ ಕೆಲಸ. ಇಂಥ ಆವೃತ್ತಿ ಯಾವ ಚಿತ್ರಕ್ಕೆ ಸಲ್ಲಬೇಕು ಎಂದು ಕೇಳಿದರೆ ಹೆಚ್ಚಿನವರು ಪ್ರಶಸ್ತಿ ಪಡೆದ, ಎಲ್ಲರ ಬಾಯಲ್ಲಿರುವ ಹೆಸರುಗಳನ್ನೇ ಹೇಳುತ್ತಾರೆ. ನನ್ನ ಲೆಕ್ಕ ಬೇರೆ. ಈಗ ಕೈಗೆ ಸಿಗುವ ಪ್ರತಿಗೂ ಮೊದಲ ಬಿಡುಗಡೆಯಲ್ಲಿ ಪ್ರೇಕ್ಷಕರು ಕಂಡದ್ದಕ್ಕೂ ಎಷ್ಟು ಅಂತರವಿದೆ, ಆ ಅಂತರವನ್ನು ತುಂಬಬಲ್ಲ ಸಾಮಗ್ರಿ ಎಲ್ಲಿಯಾದರೂ ಉಳಿದಿದೆಯೇ ಎಂಬ ಎರಡು ಪ್ರಶ್ನೆಗಳಿಂದ ನಾನು ಆರಂಭಿಸುತ್ತೇನೆ. ಅಂತರ ದೊಡ್ಡದಿದ್ದು ಸಾಮಗ್ರಿಯೂ ಇದ್ದರೆ, ಆ ಚಿತ್ರ ಸಾಧಾರಣದ್ದಾದರೂ ನನ್ನ ಪಟ್ಟಿಯಲ್ಲಿ ಮೇಲೇರುತ್ತದೆ.

ಹಕ್ಕಿನ ವಿಚಾರವನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಚಿತ್ರದ ಆರಂಭದಲ್ಲಿ ಯಾರ ಲಾಂಛನ ಕಾಣುತ್ತದೋ ಅವರೇ ಇಂದಿನ ಒಡೆಯರು ಎಂದು ನಂಬುವಂತಿಲ್ಲ. 1986ಕ್ಕೆ ಹಿಂದಿನ ಎಂಜಿಎಂ ಚಿತ್ರಗಳ ಸಂಗ್ರಹ ಟಿವಿ ಉದ್ಯಮಿ ಟೆಡ್ ಟರ್ನರ್ ಕೈಗೆ ಹೋಗಿ ಈಗ ವಾರ್ನರ್ ಬಳಿ ಇದೆ. 1950ಕ್ಕೆ ಮೊದಲಿನ ಪ್ಯಾರಾಮೌಂಟ್ ಮಾತಿನ ಚಿತ್ರಗಳಲ್ಲಿ ಬಹುಪಾಲು ಯೂನಿವರ್ಸಲ್‌ಗೆ ಸೇರಿವೆ. ಫಾಕ್ಸ್ ಸಂಗ್ರಹ 2019ರಲ್ಲಿ ಡಿಸ್ನಿಯ ಪಾಲಾಯಿತು. ಚಿತ್ರ ಒಬ್ಬರದಾಗಿದ್ದು ಅದರ ಹಾಡುಗಳೋ ಮೂಲ ನಾಟಕವೋ ಇನ್ನೊಬ್ಬರದಾಗಿರುವುದೂ ಉಂಟು. 1950ರ ‘ಆ್ಯನಿ ಗೆಟ್ ಯುವರ್ ಗನ್’ ಇಂಥದೇ ತೊಡಕಿನಿಂದ ದಶಕಗಳ ಕಾಲ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಆದ್ದರಿಂದ ಹಕ್ಕಿನ ದಾರಿ ಸ್ಪಷ್ಟವಾಗುವವರೆಗೆ ನಾನು ಒಂದು ರೀಲನ್ನೂ ತರಿಸುವುದಿಲ್ಲ.

ಅನಂತರದ್ದು ಸಾಮಗ್ರಿಯ ಶೋಧ, ಮತ್ತು ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. 1950ರ ದಶಕದ ಆರಂಭದವರೆಗೆ 35 ಎಂಎಂ ಚಿತ್ರಗಳು ನೈಟ್ರೇಟ್ ಫಿಲ್ಮಿನಲ್ಲಿ ತಯಾರಾಗುತ್ತಿದ್ದವು. ನೈಟ್ರೇಟ್ ಸುಲಭವಾಗಿ ಹೊತ್ತಿಕೊಳ್ಳುವುದಲ್ಲದೆ ಹಳತಾದಂತೆ ಅಂಟಂಟಾಗಿ ಕೊನೆಗೆ ಪುಡಿಯಾಗುತ್ತದೆ. 1937ರಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್ ಉಗ್ರಾಣಕ್ಕೆ ಬಿದ್ದ ಬೆಂಕಿ ಆ ಸ್ಟುಡಿಯೋದ ಮೂಕಿಚಿತ್ರಗಳ ಬಹುಭಾಗವನ್ನೇ ಅಳಿಸಿಹಾಕಿತು. 1978ರಲ್ಲಿ ರಾಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್ ಎಂಬ ಸಂಗ್ರಹಾಲಯದಲ್ಲಿ ನೂರಾರು ಚಿತ್ರಗಳ ಮೂಲ ನೆಗೆಟಿವ್‌ಗಳು ಸುಟ್ಟುಹೋದವು. ನೈಟ್ರೇಟಿನ ಬದಲಿಗೆ ಬಂದ ಅಸಿಟೇಟ್ ಫಿಲ್ಮು ಸುರಕ್ಷಿತವೆಂದು ಹೆಸರಾದರೂ ಸೆಕೆ, ತೇವಗಳಲ್ಲಿಟ್ಟರೆ ಅಸಿಟಿಕ್ ಆಮ್ಲವನ್ನು ಬಿಡುತ್ತ ಕುಗ್ಗಿ ಸುರುಟಿಕೊಳ್ಳುತ್ತದೆ. ಡಬ್ಬಿ ತೆರೆದೊಡನೆ ಮೂಗಿಗೆ ಹೊಡೆಯುವ ವಿನೆಗರ್ ವಾಸನೆಯಿಂದಲೇ ಅದರ ಸ್ಥಿತಿ ಅರ್ಧ ತಿಳಿಯುತ್ತದೆ.

ಸಾಮಗ್ರಿ ಬಂದಾಗ ಡಬ್ಬಿಯ ಮೇಲಿನ ಚೀಟಿಗಿಂತ ಫಿಲ್ಮಿನ ಅಂಚನ್ನು ನಾನು ಹೆಚ್ಚು ನಂಬುತ್ತೇನೆ. ಕೊಡಾಕ್ ಕಂಪನಿ ತನ್ನ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳಂಥ ಸಣ್ಣ ಗುರುತುಗಳಿಂದ ತಯಾರಿಕೆಯ ವರ್ಷವನ್ನು ಸೂಚಿಸುತ್ತಿತ್ತು, ಮತ್ತು ಆ ಗುರುತುಗಳು 20 ವರ್ಷಕ್ಕೊಮ್ಮೆ ಮರುಕಳಿಸುತ್ತಿದ್ದವು. ‘ಮೂಲ’ ಎಂದು ಚೀಟಿ ಹಚ್ಚಿದ ರೀಲಿನ ಅಂಚಿನಲ್ಲಿ ಚಿತ್ರ ಬಿಡುಗಡೆಯಾಗಿ ಹತ್ತಾರು ವರ್ಷಗಳ ಅನಂತರದ ಗುರುತು ಕಂಡರೆ ಅದು ಪ್ರತಿಯ ಪ್ರತಿ ಎಂದು ಖಚಿತವಾಗುತ್ತದೆ. ಇದಲ್ಲದೆ ಅಂಟಿಸಿದ ಜೋಡುಗಳು, ರೀಲು ಬದಲಾಯಿಸಲು ಮೂಲೆಯಲ್ಲಿ ಕೊರೆದ ಗುರುತುಗಳು, ಕುಗ್ಗಿದ ಪ್ರಮಾಣ, ಹರಿದ ರಂಧ್ರಗಳು ಇವೆಲ್ಲವನ್ನೂ ದೀಪದ ಮೇಜಿನ ಮೇಲೆ ಕೈಯಿಂದ ಸುತ್ತುತ್ತ ಬರೆದುಕೊಳ್ಳುತ್ತೇನೆ. ಬೇಸರ ಹಿಡಿಸುವ ಕೆಲಸವೆಂದು ಸಹೋದ್ಯೋಗಿಗಳು ಗೊಣಗುವುದುಂಟು. ಸ್ಕ್ಯಾನ್ ಮುಗಿದ ಮೇಲೆ ಉತ್ತಮ ಪ್ರತಿ ಬೇರೆಡೆ ಇತ್ತೆಂದು ತಿಳಿಯುವುದಕ್ಕಿಂತ ಈ ಬೇಸರವೇ ಮೇಲು.

ಅಂತರವನ್ನು ಅಳೆಯುವ ಬಗೆಯನ್ನು ನಾನು ಕೈಗೆತ್ತಿಕೊಂಡಿದ್ದ 1930ರ ದಶಕದ ಆರಂಭದ ಒಂದು ಕಪ್ಪುಬಿಳುಪು ಚಿತ್ರದಿಂದ ವಿವರಿಸಬಹುದು. 1934ರ ಮಧ್ಯದಿಂದ ಪ್ರೊಡಕ್ಷನ್ ಕೋಡ್, ಅಂದರೆ ತೆರೆಯ ಮೇಲೆ ಏನು ತೋರಿಸಬಾರದೆಂಬ ಹಾಲಿವುಡ್‌ನ ನಿಯಮಾವಳಿ, ಬಿಗಿಯಾಗಿ ಜಾರಿಯಾದ ಮೇಲೆ, ಅದಕ್ಕೂ ಮೊದಲು ತೆರೆಕಂಡಿದ್ದ ಚಿತ್ರಗಳನ್ನು ಮರುಬಿಡುಗಡೆ ಮಾಡಬೇಕಾದಾಗ ಸ್ಟುಡಿಯೋಗಳು ಆಕ್ಷೇಪಾರ್ಹವೆನಿಸಿದ ತುಣುಕುಗಳನ್ನು ಎಷ್ಟೋ ಸಲ ಮೂಲ ನೆಗೆಟಿವ್‌ನಿಂದಲೇ ಕತ್ತರಿಸಿಬಿಟ್ಟವು. ಹೀಗೆ ಕತ್ತರಿಸಿದ್ದು ಏನೆಂದು ತಿಳಿಯಲು ಆಲ್ಬನಿಯಲ್ಲಿರುವ ನ್ಯೂಯಾರ್ಕ್ ರಾಜ್ಯ ದಾಖಲಾಗಾರದಷ್ಟು ಉಪಕಾರಿಯಾದ ಜಾಗ ನನಗೆ ಬೇರೊಂದಿಲ್ಲ. 1921ರಿಂದ 1965ರವರೆಗೆ ಆ ರಾಜ್ಯದಲ್ಲಿ ಚಿತ್ರ ಪ್ರದರ್ಶಿಸಲು ಸೆನ್ಸಾರ್ ಪರವಾನಗಿ ಬೇಕಿತ್ತು, ಅರ್ಜಿಯ ಜೊತೆ ಸಲ್ಲಿಸಿದ ಸಂಭಾಷಣೆಯ ಪ್ರತಿಗಳು ಐವತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಅಲ್ಲಿ ಉಳಿದಿವೆ. ಚಿತ್ರ ಕತ್ತರಿಸಲೆಂದು ಹುಟ್ಟಿದ ಕಚೇರಿಯ ಕಡತವೇ ಇಂದು ಅದನ್ನು ಜೋಡಿಸಲು ನೆರವಾಗುತ್ತಿರುವುದು ಚೋದ್ಯವೇ ಸರಿ.

ಆ ಟೈಪ್ ಮಾಡಿದ ಪ್ರತಿಯನ್ನು ಎಡಕ್ಕಿಟ್ಟುಕೊಂಡು, ನಮ್ಮಲ್ಲಿದ್ದ ನೆಗೆಟಿವ್‌ನ ಸ್ಕ್ಯಾನ್ ಅನ್ನು ಪರದೆಯ ಮೇಲೆ ಓಡಿಸುತ್ತ ಸಾಲುಸಾಲಾಗಿ ಹೋಲಿಸಿದೆ. ಮೂರನೆಯ ರೀಲಿನಲ್ಲಿ ನಾಯಕಿ ಬಾಗಿಲ ಬಳಿ ನಿಂತು ತಿರುಗಿ ನೋಡುತ್ತಾಳೆ. ಬರಹದಲ್ಲಿ ಅಲ್ಲಿ ಆಕೆಗೆ ಎರಡು ವಾಕ್ಯಗಳ ಮಾತಿದೆ, ಚಿತ್ರದಲ್ಲಿ ಆಕೆ ತುಟಿ ತೆರೆಯುವಷ್ಟರಲ್ಲಿ ದೃಶ್ಯ ಹಾರುತ್ತದೆ, ಹಿನ್ನೆಲೆಯ ಸಂಗೀತವೂ ಒಂದು ಸ್ವರದ ನಡುವೆ ತುಂಡಾಗುತ್ತದೆ. ಇಂಥ ಜಾಗಗಳ ಪಟ್ಟಿಯನ್ನು ರೀಲು ಮತ್ತು ಅಡಿಗಳ ಲೆಕ್ಕದಲ್ಲಿ ಮಾಡಿ, ಆ ಚಿತ್ರದ ಪ್ರಿಂಟ್ ಇದೆಯೆಂದು ತಿಳಿದಿದ್ದ ಸಂಗ್ರಹಾಗಾರಗಳಿಗೆ ಕಳುಹಿಸಿದೆ. ಹೊರದೇಶಗಳಿಗೆ ಕಳುಹಿಸಿದ್ದ ಪ್ರಿಂಟ್‌ಗಳು ಮರುಬಿಡುಗಡೆಯ ಕತ್ತರಿಗೆ ಸಿಗದೆ ಉಳಿದುಕೊಂಡಿರುವ ಸಂಭವ ಹೆಚ್ಚು ಎಂಬುದು ಈ ಹುಡುಕಾಟಕ್ಕೆ ಆಧಾರ. ಯೂರೋಪಿನ ಒಂದು ಸಂಗ್ರಹದಲ್ಲಿದ್ದ, ಗೀರುಗಳಿಂದ ತುಂಬಿದ ಪ್ರಿಂಟ್‌ನಲ್ಲಿ ಹೆಚ್ಚಿನ ತುಣುಕುಗಳು ಸಿಕ್ಕವು. ಅವನ್ನು ಸೇರಿಸಿದಾಗ ಆ ಭಾಗಗಳ ಚಿತ್ರ ಸುತ್ತಲಿನದಕ್ಕಿಂತ ಮಂಕಾಗಿ, ಒರಟಾಗಿ ಕಾಣುತ್ತದೆ. ಅದನ್ನು ತಂತ್ರಾಂಶದಿಂದ ನುಣುಪುಮಾಡಿ ಮರೆಮಾಚಬಾರದೆಂದು ನಾನು ಹಟ ಹಿಡಿದೆ. ಎಲ್ಲಿ ಕತ್ತರಿ ಬಿದ್ದಿತ್ತು ಎಂದು ನೋಡುಗನಿಗೆ ತಿಳಿಯುವುದೂ ಆ ಚಿತ್ರದ ಚರಿತ್ರೆಯ ಭಾಗ.

ಆದರೆ ‘ಮೊದಲ ಬಿಡುಗಡೆಯ ರೂಪ’ ಎಂಬ ನನ್ನ ಅಳತೆಗೋಲು ಎಲ್ಲ ಚಿತ್ರಗಳಿಗೂ ಒಗ್ಗುವುದಿಲ್ಲ. 1933ರ ‘ಬೇಬಿ ಫೇಸ್’ ಚಿತ್ರವನ್ನು ನ್ಯೂಯಾರ್ಕ್ ಸೆನ್ಸಾರ್ ತಿರಸ್ಕರಿಸಿದ್ದರಿಂದ ಬಿಡುಗಡೆಗೆ ಮೊದಲೇ ಬದಲಾಯಿಸಲಾಗಿತ್ತು. ಬದಲಾವಣೆಗೆ ಮುಂಚಿನ ರೂಪ 2004ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿ ಬೆಳಕಿಗೆ ಬಂತು. ಇಂಥ ಕಡೆ ಎರಡೂ ರೂಪಗಳನ್ನು ಡಿಸ್ಕಿನಲ್ಲಿ ಕೊಡುವುದೇ ನ್ಯಾಯ. ಇದಕ್ಕೆ ವಿರುದ್ಧವಾದದ್ದು 1942ರ ‘ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್’: 131 ನಿಮಿಷಗಳಷ್ಟಿದ್ದ ಚಿತ್ರವನ್ನು ಆರ್‌ಕೆಒ ಸ್ಟುಡಿಯೋ 88 ನಿಮಿಷಕ್ಕೆ ಇಳಿಸಿತು, ತೆಗೆದ ಭಾಗ ನಾಶವಾಯಿತು. ಅಲ್ಲಿ ಅಂತರವಿದೆ, ಫಿಲ್ಮಿಲ್ಲ. ಆದರೂ ದೃಶ್ಯದಿಂದ ದೃಶ್ಯಕ್ಕೆ ಬರೆದಿಟ್ಟ ಸಂಕಲನದ ದಾಖಲೆ ಉಳಿದಿರುವುದರಿಂದ, ಕಳೆದದ್ದನ್ನು ಕಳೆದದ್ದೆಂದೇ ತೋರಿಸುವ ವಿಶೇಷ ಆವೃತ್ತಿಗೆ ಅಂಥ ಚಿತ್ರ ಪೂರ್ಣ ಅರ್ಹ.

ಟೆಕ್ನಿಕಲರ್ ಚಿತ್ರಗಳ ಮಾತು ಬೇರೆ. 1930ರ ದಶಕದಿಂದ 1950ರ ದಶಕದ ನಡುವಿನವರೆಗೆ ಆ ಕ್ಯಾಮೆರಾದಲ್ಲಿ ಮೂರು ಕಪ್ಪುಬಿಳುಪು ನೆಗೆಟಿವ್‌ಗಳು ಒಟ್ಟಿಗೆ ಓಡಿ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ದಾಖಲಿಸುತ್ತಿದ್ದವು. ಮೂರೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹಳೆಯ ವಿಡಿಯೋ ಪ್ರತಿಗಳಲ್ಲಿ ಬಿಳಿ ಅಂಗಿಯ ಕಾಲರಿನ ಒಂದು ಅಂಚಿಗೆ ಕೆಂಪು ಎಳೆ, ಇನ್ನೊಂದು ಅಂಚಿಗೆ ಹಸಿರು ಎಳೆ ಅಂಟಿಕೊಂಡಂತೆ ಕಾಣುತ್ತಿದ್ದುದು ಈ ಕಾರಣದಿಂದಲೇ. ಈಗ ಮೂರನ್ನೂ ಪ್ರತ್ಯೇಕವಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಬಹುದು; ಹಾಗೆ ಕೂರಿಸಿದ ಮೇಲೆ ಬಟ್ಟೆಯ ನೇಯ್ಗೆಯೂ ಕಾಣತೊಡಗುತ್ತದೆ. ಬಣ್ಣ ಹೇಗಿರಬೇಕೆಂಬುದಕ್ಕೆ ನೆನಪನ್ನು ನೆಚ್ಚದೆ, ಆ ಕಾಲದಲ್ಲಿ ವರ್ಣದ್ರವ್ಯವನ್ನು ಅಚ್ಚೊತ್ತಿ ಮಾಡಿದ, ಬಣ್ಣ ಅಷ್ಟಾಗಿ ಮಾಸದ ಪ್ರಿಂಟ್ ಒಂದನ್ನು ಎರವಲು ತಂದು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. 1950ರಲ್ಲಿ ಬಂದ ಈಸ್ಟ್‌ಮನ್ ಕಲರ್ ಅಗ್ಗವೂ ಸುಲಭವೂ ಆಗಿದ್ದರೂ ಅದರ ವರ್ಣಗಳು ಬೇಗ ಮಾಸಿದವು. ಹಾಗಾಗಿ ಹಿಂದಿನ ದಶಕದ ಬಣ್ಣಕ್ಕಿಂತ ಅನಂತರದ ದಶಕದ ಬಣ್ಣವನ್ನು ಮರಳಿ ತರುವುದೇ ನನಗೆ ಕಠಿಣವೆನಿಸಿದೆ.

ಪರದೆಯ ಅಳತೆಯೂ ವಾದಕ್ಕೆ ಕಾರಣವಾಗುತ್ತದೆ. 1953ರಿಂದೀಚೆಗೆ ಸ್ಟುಡಿಯೋಗಳು ಅಗಲ ಪರದೆಗೆ ಹೊರಳಿದರೂ ಅನೇಕ ಚಿತ್ರಗಳ ನೆಗೆಟಿವ್‌ನಲ್ಲಿ ಮೇಲೆ ಕೆಳಗೆ ಹೆಚ್ಚುವರಿ ಭಾಗ ದಾಖಲಾಗುತ್ತಿತ್ತು; ಚಿತ್ರಮಂದಿರದಲ್ಲಿ ಅದನ್ನು ಮರೆಮಾಡಿದರೂ ಟಿವಿಯಲ್ಲಿ ಅದೆಲ್ಲವೂ ಕಾಣುತ್ತಿತ್ತು. ಪೂರ್ತಿ ಚಿತ್ರ ತೋರಿಸಿ ಎಂದು ಒತ್ತಾಯಿಸುವವರಿಗೆ ನಾನು ತಲೆಗಳ ಮೇಲಿನ ಖಾಲಿ ಜಾಗವನ್ನೂ, ಕೆಲವೊಮ್ಮೆ ಅಲ್ಲಿ ಇಣುಕುವ ಮೈಕನ್ನೂ ತೋರಿಸುತ್ತೇನೆ. ಸಿನಿಮಾಸ್ಕೋಪ್ ಎಂಬ ಅಗಲ ಪರದೆಯ ಪದ್ಧತಿಯ ಮೊದಲ ಚಿತ್ರಗಳಾದರೆ 2.55:1ರಷ್ಟು (ಎತ್ತರದ 2.55 ಪಟ್ಟು) ಅಗಲವಾಗಿದ್ದು ನಾಲ್ಕು ಮ್ಯಾಗ್ನೆಟಿಕ್ ಪಥಗಳ ಸ್ಟೀರಿಯೋ ಧ್ವನಿ ಹೊಂದಿದ್ದವು. ಆ ಧ್ವನಿ ಉಳಿದಿರುವ ಚಿತ್ರ ಸಿಕ್ಕರೆ ಬೇರೆ ಯಾವ ಸಮರ್ಥನೆಯೂ ಬೇಡ. ಧ್ವನಿಯ ಶುದ್ಧೀಕರಣದಲ್ಲಿ ನನ್ನ ನಿಯಮ ಸರಳ: ಚಟಪಟ ಸದ್ದನ್ನು ತೆಗೆಯುತ್ತೇವೆ, ಕೋಣೆಯ ಮೌನದಲ್ಲಿರುವ ಹಿಸ್ಸನ್ನು ಸ್ವಲ್ಪ ಉಳಿಸುತ್ತೇವೆ, ಪೂರ್ತಿ ತೆಗೆದರೆ ಮಾತು ಬಾವಿಯೊಳಗಿಂದ ಬಂದಂತಾಗುತ್ತದೆ.

ಹೆಚ್ಚುವರಿ ಸಾಮಗ್ರಿಯ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ನಟರನ್ನು ಹೊಗಳುವ ಸಂದರ್ಶನಗಳಿಗಿಂತ, ಚಿತ್ರ ಓಡುತ್ತಿರುವಾಗಲೇ ಕೇಳಿಸುವ, ದಾಖಲೆಗಳನ್ನು ಓದಿ ಬಂದ ಇತಿಹಾಸಕಾರರೊಬ್ಬರ ವ್ಯಾಖ್ಯಾನ ಮೇಲು. 1984ರಲ್ಲಿ ಕ್ರೈಟೀರಿಯನ್ ಕಂಪನಿಯ ಲೇಸರ್‌ಡಿಸ್ಕ್‌ನಲ್ಲಿ ‘ಕಿಂಗ್ ಕಾಂಗ್’ ಚಿತ್ರಕ್ಕೆ ರೊನಾಲ್ಡ್ ಹ್ಯಾವರ್ ನೀಡಿದ ವ್ಯಾಖ್ಯಾನದಿಂದ ಆರಂಭವಾದ ಪದ್ಧತಿ ಇದು. ಆಸ್ಕರ್ ಪ್ರಶಸ್ತಿ ನೀಡುವ ಅಕಾಡೆಮಿಯ ಮಾರ್ಗರೆಟ್ ಹೆರಿಕ್ ಗ್ರಂಥಾಲಯದಲ್ಲಿರುವ ಪ್ರೊಡಕ್ಷನ್ ಕೋಡ್ ಕಚೇರಿಯ ಪತ್ರಗಳನ್ನು ಆ ಇತಿಹಾಸಕಾರರಿಗೆ ಒದಗಿಸುವ ಏರ್ಪಾಡನ್ನು ನಾನೇ ಮಾಡುತ್ತೇನೆ. 1934ರಿಂದ 1955ರವರೆಗೆ ನಡೆದ ಲಕ್ಸ್ ರೇಡಿಯೋ ಥಿಯೇಟರ್‌ನಲ್ಲಿ ಅದೇ ಕಥೆಯ ರೇಡಿಯೋ ರೂಪ ಪ್ರಸಾರವಾಗಿದ್ದು ಹಕ್ಕು ಸಿಕ್ಕರೆ ಅದನ್ನು ಖಂಡಿತ ಸೇರಿಸುತ್ತೇನೆ. ಹೀಗೆ ಸೇರಿಸುತ್ತ ಹೋದಂತೆ ಡಿಸ್ಕಿನಲ್ಲಿ ಚಿತ್ರಕ್ಕೇ ಜಾಗ ಸಾಲದಾಗುವ ಅಪಾಯವಿದೆ. ಬ್ಲೂ-ರೇಯ ಎರಡು ಪದರಗಳಲ್ಲಿ ಹಿಡಿಸುವುದು 50 ಜಿಬಿ. ದತ್ತಾಂಶದ ಪ್ರಮಾಣ ತೀರ ಇಳಿದರೆ ಫಿಲ್ಮಿನ ಗ್ರೇನ್ (ಅದರ ಸಹಜವಾದ ಸಣ್ಣ ಕಣಗಳು) ಚೌಕಚೌಕವಾಗಿ ಒಡೆಯುತ್ತದೆ, ಅದನ್ನು ತಪ್ಪಿಸಲು ಗ್ರೇನನ್ನೇ ಅಳಿಸಿದರೆ ಮುಖಗಳು ಮೇಣದಂತಾಗುತ್ತವೆ.

ಆದ್ದರಿಂದ ಕೊನೆಯ ಪರೀಕ್ಷೆಗೆ ನಾನು ಆರಿಸಿಕೊಳ್ಳುವುದು ಹೊಗೆ, ಮಂಜು, ಮಳೆಯ ದೃಶ್ಯಗಳನ್ನು. ಕಪ್ಪುಬಿಳುಪು ಚಿತ್ರದಲ್ಲಿ ಸಿಗರೇಟಿನ ಹೊಗೆ ಕತ್ತಲೆಯ ಗೋಡೆಯ ಮುಂದೆ ಮೇಲೇರುವ ದೃಶ್ಯ ಸರಿಯಾಗಿ ಬಂದಿದ್ದರೆ ಉಳಿದದ್ದು ಸಾಮಾನ್ಯವಾಗಿ ಸರಿಯಾಗಿರುತ್ತದೆ. ಅಲ್ಲಿ ಪಟ್ಟೆ ಪಟ್ಟೆಯಾಗಿ ಕಂಡರೆ, ಸೇರಿಸಿದ ಸಾಮಗ್ರಿಯಲ್ಲಿ ಒಂದನ್ನು ಎರಡನೆಯ ಡಿಸ್ಕಿಗೆ ವರ್ಗಾಯಿಸಿ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಲು ಹೇಳುತ್ತೇನೆ. ಎರಡನೆಯ ಡಿಸ್ಕಿನ ಖರ್ಚಿಗೆ ಪ್ರಕಾಶಕರು ಒಪ್ಪದಿದ್ದರೆ ಆ ಸಾಮಗ್ರಿಯನ್ನೇ ಕೈಬಿಡುತ್ತೇನೆ.