ಕ್ಯಾನುಲಾ ಜಾಗ ಬಿಟ್ಟ ರಾತ್ರಿ

ಕೋಲಾರದ ಆಸ್ಪತ್ರೆಯೊಂದರಲ್ಲಿ ಹುಟ್ಟಿ ಒಂದು ದಿನವಾಗಿದ್ದ, ಮೂರು ಕೆಜಿ ತೂಕದ ಆ ಮಗು ಗರ್ಭದಲ್ಲೇ ಮಲ ವಿಸರ್ಜಿಸಿ ಅದನ್ನು ಶ್ವಾಸಕೋಶಕ್ಕೆ ಎಳೆದುಕೊಂಡಿತ್ತು. ವೆಂಟಿಲೇಟರಿಗೂ, ಶ್ವಾಸಕೋಶದ ರಕ್ತನಾಳಗಳನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಅನಿಲಕ್ಕೂ ಅದು ಸ್ಪಂದಿಸಲಿಲ್ಲ. ಆ ಸ್ಥಿತಿಯಲ್ಲಿ ಬೆಂಗಳೂರಿಗೆ ಸಾಗಿಸಿದರೆ ದಾರಿಯಲ್ಲಿ ಉಳಿಯುವುದು ಕಷ್ಟವೆಂದು ನಮ್ಮ ತಂಡವೇ ಹೃದಯ, ಶ್ವಾಸಕೋಶಗಳ ಕೆಲಸವನ್ನು ದೇಹದ ಹೊರಗಿನಿಂದ ಮಾಡುವ ಎಕ್ಮೋ ಯಂತ್ರವನ್ನು ಅಲ್ಲಿಗೆ ಒಯ್ದು, ಬಲಗೊರಳಿನ ಜುಗುಲಾರ್ ಅಭಿಧಮನಿಗೆ ರಕ್ತ ಎಳೆಯಲು 10 ಫ್ರೆಂಚ್, ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿಗೆ ರಕ್ತ ಮರಳಿಸಲು 8 ಫ್ರೆಂಚ್ ಅಳತೆಯ (ಫ್ರೆಂಚ್ ಎಂದರೆ ಕೊಳವೆಯ ದಪ್ಪದ ಅಳತೆ) ಕ್ಯಾನುಲಾಗಳನ್ನು, ಅಂದರೆ ಕೊಳವೆಗಳನ್ನು, ಹಾಕಿತು. "ಆ ನರ ಕಟ್ಟಿದ್ರೆ ಮಿದುಳಿಗೆ ರಕ್ತ ಹೋಗುತ್ತಾ ಸಾರ್?" ಎಂದು ತಂದೆ ಕೇಳಿದರು. ಎಡಗಡೆಯ ಧಮನಿಯಿಂದ ಬರುವ ರಕ್ತ ಸಾಮಾನ್ಯವಾಗಿ ಸಾಕಾಗುತ್ತದೆಯಾದರೂ ಅಪಾಯವೇ ಇಲ್ಲವೆಂದು ಹೇಳಲಾರೆ ಎಂದು ಅವರಿಗೆ ತಿಳಿಸಿದೆ.

ಯಂತ್ರದ ಮೂಲಕ ರಕ್ತದ ಹರಿವು ನಿಮಿಷಕ್ಕೆ 300 ಮಿಲಿ ಲೀಟರಿನಲ್ಲಿ ಸ್ಥಿರವಾಯಿತು. ಎಕ್ಸ್-ರೇಯಲ್ಲಿ ಎರಡೂ ತುದಿಗಳು ಸರಿಯಾಗಿಯೇ ಕಂಡವು. ಆಂಬುಲೆನ್ಸಿನ ಸ್ಟ್ರೆಚರಿಗೆ ಬದಲಿಸಿದ ಕೂಡಲೇ ಹರಿವು 180ಕ್ಕೆ ಕುಸಿಯಿತು. "ಡಾಕ್ಟ್ರೇ, ಪೈಪ್ ನಡುಗ್ತಿದೆ" ಎಂದು ಸಿಸ್ಟರ್ ಕೂಗಿದರು. ಪಂಪಿಗೆ ಸಾಕಷ್ಟು ರಕ್ತ ಸಿಗದಿದ್ದಾಗ ಪೈಪ್ ಹೀಗೆ ನಡುಗುತ್ತದೆ. ಹಿಂದೊಮ್ಮೆ ಇಂಥದೇ ಸಂದರ್ಭದಲ್ಲಿ ರಕ್ತದ ಪ್ರಮಾಣ ಸಾಲದೆಂದು ಭಾವಿಸಿ ಸಲೈನ್ ಕೊಟ್ಟು, ಪಂಪಿನ ವೇಗವನ್ನೂ ಏರಿಸಿದ್ದೆ. ಅದು ನನ್ನ ತಪ್ಪು. ಕ್ಯಾನುಲಾದ ತುದಿಯು ಹೃದಯದ ಗೋಡೆಗೆ ಒತ್ತಿಕೊಂಡಿರುವಾಗ ವೇಗ ಹೆಚ್ಚಿಸಿದರೆ ಗೋಡೆಯು ಅದರ ರಂಧ್ರಗಳಿಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಕೆಂಪು ರಕ್ತಕಣಗಳೂ ಒಡೆಯುತ್ತವೆ.

ಈ ಸಲ ಮೊದಲು ವೇಗವನ್ನು ಇಳಿಸಿದೆ. ಶ್ವಾಸಕೋಶದ ಹೊರಗೆ ಎದೆಯಲ್ಲಿ ಗಾಳಿ ತುಂಬಿದ್ದರೂ, ಹೃದಯದ ಸುತ್ತ ರಕ್ತ ಶೇಖರವಾಗಿದ್ದರೂ ಹರಿವು ಹೀಗೆಯೇ ಕುಸಿಯುವುದರಿಂದ, ಅವೆರಡೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಅಭಿಧಮನಿಯ ಕ್ಯಾನುಲಾವನ್ನು ಹುಡುಕಿದೆ. ಬಲ ಹೃತ್ಕರ್ಣದ (ಹೃದಯದ ಬಲಭಾಗದ ಮೇಲಿನ ಕೋಣೆ) ನಡುವೆ ಇರಬೇಕಾದ ತುದಿ ಒಳಗೆ ಸರಿದು ಎರಡು ಹೃತ್ಕರ್ಣಗಳ ನಡುವಣ ಗೋಡೆಗೆ ತಾಗಿತ್ತು. ಸ್ಟ್ರೆಚರಿಗೆ ಬದಲಿಸುವಾಗ ಭುಜದಡಿಯ ಬಟ್ಟೆಯ ಸುರುಳಿ ಜಾರಿ ಕತ್ತು ಮುಂದಕ್ಕೆ ಬಾಗಿದ್ದೇ ಕಾರಣ. ನವಜಾತ ಶಿಶುವಿನಲ್ಲಿ ಕೆಲವು ಮಿಲಿಮೀಟರ್‌ಗಳೇ ಬಹಳ. ಸುರುಳಿಯನ್ನು ಮತ್ತೆ ಇಟ್ಟು ತಲೆಯನ್ನು ಎಡಕ್ಕೆ ತಿರುಗಿಸಿದಾಗ ಹರಿವು 240ಕ್ಕೆ ಏರಿತು. ಉಳಿದುದಕ್ಕಾಗಿ ಹೊಲಿಗೆಯನ್ನು ಸಡಿಲಿಸಿ, ಎಕೋ ನೋಡುತ್ತಲೇ ಕ್ಯಾನುಲಾವನ್ನು ಅರ್ಧ ಸೆಂಟಿಮೀಟರ್ ಹಿಂದಕ್ಕೆ ಎಳೆದೆ. ಪಕ್ಕದ ರಂಧ್ರವೊಂದು ಅಭಿಧಮನಿಯಿಂದ ಹೊರಬಂದರೆ ಪಂಪು ಗಾಳಿಯನ್ನೇ ಎಳೆದುಕೊಳ್ಳುತ್ತದೆಯಾದ್ದರಿಂದ, ಅಷ್ಟು ಎಳೆಯುವಾಗಲೂ ಸಹೋದ್ಯೋಗಿಯೊಬ್ಬರು ಕ್ಲ್ಯಾಂಪ್ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಧಮನಿಯ ಕ್ಯಾನುಲಾವನ್ನೂ ಆಗಲೇ ನೋಡಿದೆವು. ಅದು ಮಹಾಧಮನಿಯೊಳಗೆ ಆಳಕ್ಕೆ ಇಳಿದರೆ ರಕ್ತದ ಧಾರೆ ನೇರವಾಗಿ ಕವಾಟಕ್ಕೆ ಬಡಿದು ಎಡ ಹೃದಯಕ್ಕೆ ಹೊರೆಯಾಗುತ್ತದೆ. ಅದು ಸ್ವಸ್ಥಾನದಲ್ಲಿತ್ತು. ಬಳಿಕ ಚರ್ಮದ ಬಳಿ ಎರಡೂ ಕ್ಯಾನುಲಾಗಳ ಅಳತೆಯನ್ನು ಬರೆದುಕೊಂಡು, ಬೆಂಗಳೂರಿನವರೆಗೂ ಒಬ್ಬರು ಮಗುವಿನ ತಲೆಯಿಂದ ಕೈ ಕದಲಿಸಬಾರದೆಂದು ನಿಗದಿಪಡಿಸಿ ಹೊರಟೆವು. ಹೊಸಕೋಟೆ ದಾಟುವಾಗ ಹರಿವು 290 ಇತ್ತು.