ಬದನೆಕಾಯಿಗೆ ಮೂರು ಹೆಸರು: ಒಂದೇ ಇಂಗ್ಲಿಷ್ ಲೇಖನ ಬೇರೆ ಬೇರೆ ದೇಶಗಳ ಹುಡುಕಾಟದಲ್ಲಿ ಸಿಗುವ ಹಾಗೆ ಮಾಡುವುದು

ನಾನು ಉಡುಪಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಅಡುಗೆ ಲೇಖನ ಬರೆಯುತ್ತೇನೆ. ಮಟ್ಟು ಗುಳ್ಳದ ಹುಳಿ, ಪತ್ರೊಡೆ, ನೀರುದೋಸೆ, ಎಲ್ಲಾ ನಮ್ಮ ಮನೆಯಲ್ಲಿ ಮಾಡುವಂಥದ್ದೇ. ಬ್ರಿಟನ್ನಿನ ಲೆಸ್ಟರ್, ಮೆಲ್ಬರ್ನ್, ನ್ಯೂಜೆರ್ಸಿಯಲ್ಲಿ ನೆಲೆಸಿದ ನಮ್ಮವರಿಗೂ ಅವರ ನೆರೆಮನೆಯವರಿಗೂ ಈ ಲೇಖನಗಳು ಸಿಗಬೇಕು ಅನ್ನೋದು ನನ್ನ ಹಟ. ಬಹಳ ದಿನ ಸಿಗುತ್ತಿರಲಿಲ್ಲ.

ಯಾಕೆ ಅಂತ ಗೊತ್ತಾಗಿದ್ದು ಬದನೆಕಾಯಿ ಎಣ್ಣೆಗಾಯಿಯಿಂದ. ಲೇಖನದ ತುಂಬಾ ಬ್ರಿಂಜಾಲ್ ಅಂತಲೇ ಬರೆದಿದ್ದೆ. ಭಾರತದಲ್ಲಿ ಮೊದಲ ಪುಟದಲ್ಲೇ ಬರುತ್ತಿತ್ತು. ಲೆಸ್ಟರ್‌ನಲ್ಲಿರುವ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿ, ಹುಡುಕಿ ನೋಡು ಅಂದೆ. "ಅಕ್ಕಾ, ಇಲ್ಲಿ ಅಂಗಡಿಯಲ್ಲಿ ಆಬರ್ಜೀನ್ ಅಂತ ಬರೆದಿರ್ತಾರೆ. ನನ್ನ ಪಕ್ಕದ ಮನೆಯವರು ಬ್ರಿಂಜಾಲ್ ಅಂತ ಯಾಕೆ ಹುಡುಕ್ತಾರೆ?" ಅಂದಳು. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಅದೇ ಕಾಯಿ ಎಗ್‌ಪ್ಲಾಂಟ್.

ಹಾಗಾಗಿ ಮೊದಲ ಕೆಲಸ, ಸರ್ಚ್ ಕನ್ಸೋಲ್ ತೆರೆಯಿರಿ. ನಿಮ್ಮ ಸೈಟು ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣಿಸುತ್ತಿದೆ ಅಂತ ತೋರಿಸುವ ಗೂಗಲ್‌ನದೇ ಉಚಿತ ಸಾಧನ ಅದು. ಪರ್ಫಾರ್ಮೆನ್ಸ್ ವರದಿಯಲ್ಲಿ ಒಂದು ಲೇಖನವನ್ನು ಮಾತ್ರ ಆರಿಸಿಕೊಳ್ಳಿ. ಆಮೇಲೆ ದೇಶದ ಫಿಲ್ಟರ್‌ಗೆ ಹೋಗಿ ಎರಡು ದೇಶಗಳನ್ನು ಹೋಲಿಸಿ. 16 ತಿಂಗಳ ಲೆಕ್ಕ ಅಲ್ಲಿ ಸಿಗುತ್ತದೆ. ಸ್ಥಾನ ಅಂದರೆ ಹುಡುಕಾಟದ ಫಲಿತಾಂಶದಲ್ಲಿ ನಿಮ್ಮ ಲೇಖನ ಎಷ್ಟನೆಯದು ಅಂತ. ಎಲ್ಲ ದೇಶ ಸೇರಿಸಿದ ಸರಾಸರಿ ಸ್ಥಾನವನ್ನು ನಂಬಬೇಡಿ. ಭಾರತದ 4 ಮತ್ತು ಬ್ರಿಟನ್ನಿನ 40 ಅದರಲ್ಲಿ ಬೆರೆತುಹೋಗಿರುತ್ತವೆ. ಜನ ಟೈಪ್ ಮಾಡಿದ ಪದಗಳನ್ನು ದೇಶವಾರು ಓದಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಇನ್ನರ್ಧಕ್ಕೆ ಗೂಗಲ್ ಟ್ರೆಂಡ್ಸ್, ಯಾವ ಪದವನ್ನು ಜನ ಎಲ್ಲಿ ಹೆಚ್ಚು ಹುಡುಕುತ್ತಾರೆ ಅಂತ ತೋರಿಸುವ ಸೈಟು. ಎರಡು ಪದ ಹಾಕಿ, ದೇಶ ಬದಲಿಸುತ್ತಾ ನೋಡಿ. ನನ್ನ ಅಡುಗೆಮನೆಯ ಪಟ್ಟಿ ಹೀಗೆ ಬೆಳೆಯಿತು: ಕೊತ್ತಂಬರಿ ಸೊಪ್ಪು ಅಮೆರಿಕದಲ್ಲಿ ಸಿಲಾಂಟ್ರೋ, ಬ್ರಿಟನ್ನಿನಲ್ಲಿ ಕೊರಿಯಾಂಡರ್. ದೊಣ್ಣೆಮೆಣಸಿನಕಾಯಿ ನಮಗೂ ಆಸ್ಟ್ರೇಲಿಯಾದವರಿಗೂ ಕ್ಯಾಪ್ಸಿಕಂ, ಅಮೆರಿಕದವರಿಗೆ ಬೆಲ್ ಪೆಪ್ಪರ್. ಬೆಂಡೆಕಾಯಿ ನಮ್ಮಲ್ಲಿ ಲೇಡೀಸ್ ಫಿಂಗರ್, ಅಲ್ಲೆಲ್ಲ ಓಕ್ರಾ. ಅಡುಗೆ ಸೋಡಾ ಬ್ರಿಟನ್ನಿನಲ್ಲಿ ಬೈಕಾರ್ಬೊನೇಟ್ ಆಫ್ ಸೋಡಾ.

ಬೇರೆ ದೇಶದ ಫಲಿತಾಂಶ ನೋಡೋಕೆ ಸುಮ್ನೆ ಗೂಗಲ್ ಡಾಟ್ ಕೋ ಡಾಟ್ ಯುಕೆ ತೆರೆದರೆ ಪ್ರಯೋಜನ ಇಲ್ಲ. 2017ರಿಂದ ಗೂಗಲ್ ನೀವು ಎಲ್ಲಿದ್ದೀರಿ ಅನ್ನೋದನ್ನೇ ನೋಡುತ್ತದೆ. ಸರ್ಚ್ ಸೆಟ್ಟಿಂಗ್ಸ್‌ನಲ್ಲಿ ಪ್ರದೇಶ ಬದಲಿಸಿ ನೋಡಿ. ಅಲ್ಲಿರುವ ಒಬ್ಬರ ಹತ್ತಿರ ಸ್ಕ್ರೀನ್‌ಶಾಟ್ ತರಿಸಿಕೊಂಡರೆ ಇನ್ನೂ ಒಳ್ಳೇದು.

ಪದ ಸಿಕ್ಕಿತು. ಅದನ್ನು ಎಲ್ಲಿ ಹಾಕೋದು? ಶೀರ್ಷಿಕೆಯಲ್ಲಿ ನಿಮಗೆ ಯಾವ ದೇಶ ಮುಖ್ಯವೋ ಆ ಪದ. ಉಳಿದವು ಸಾಮಗ್ರಿ ಪಟ್ಟಿಯಲ್ಲಿ, ಮೊದಲ ಪ್ಯಾರಾದಲ್ಲಿ, ಓದುವವರಿಗೆ ನಿಜಕ್ಕೂ ಬೇಕಾದ ಜಾಗದಲ್ಲಿ. "ನಮ್ಮೂರಲ್ಲಿ ಇದನ್ನು ಬ್ರಿಂಜಾಲ್ ಅಂತೀವಿ, ನಿಮ್ಮ ಅಂಗಡಿಯಲ್ಲಿ ಆಬರ್ಜೀನ್ ಅಂತ ಕೇಳಿ, ಚಿಕ್ಕದನ್ನೇ ಆರಿಸಿ" ಅಂತ ನಾನು ಬರೆದೆ. ಎರಡೂ ಒಂದೇ ಕಾಯಿ ಅಂತ ಗೂಗಲ್‌ಗೆ ಗೊತ್ತಾಗುತ್ತದೆ, ನಿಜ. ಆದರೆ ಕ್ಲಿಕ್ ಮಾಡುವ ಮನುಷ್ಯರ ಕಣ್ಣು ತಮ್ಮ ಪದವನ್ನೇ ಹುಡುಕುತ್ತದೆ ಅಲ್ವಾ?

ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಒಂದೇ ಲೇಖನವನ್ನು ನಾಲ್ಕು ದೇಶಕ್ಕೆ ನಾಲ್ಕು ಪುಟ ಮಾಡಿದೆ. ಬದಲಿಸಿದ್ದು ಕಾಯಿಯ ಹೆಸರು ಮಾತ್ರ. ಗೂಗಲ್ ಅವನ್ನು ಒಂದರ ನಕಲು ಇನ್ನೊಂದು ಅಂತ ಗುಂಪು ಹಾಕಿ, ಒಂದನ್ನು ಮಾತ್ರ ಇಟ್ಟುಕೊಂಡಿತು. ಮೇಲಾಗಿ ಎಚ್‌ರೆಫ್‌ಲ್ಯಾಂಗ್ ಟ್ಯಾಗ್‌ನಲ್ಲಿ, ಅಂದರೆ ಯಾವ ಪುಟ ಯಾವ ಭಾಷೆಗೆ, ಯಾವ ದೇಶಕ್ಕೆ ಅಂತ ಗೂಗಲ್‌ಗೆ ಹೇಳುವ ಕೋಡ್‌ನಲ್ಲಿ, ಬ್ರಿಟನ್ನಿಗೆ "ಇಎನ್-ಯುಕೆ" ಅಂತ ಹಾಕಿದ್ದೆ. ಸರಿಯಾದದ್ದು "ಇಎನ್-ಜಿಬಿ". ಟ್ಯಾಗ್ ಎರಡೂ ಕಡೆಯಿಂದ ಇರಬೇಕು. ಅಮೆರಿಕದ ಪುಟ ಬ್ರಿಟನ್ ಪುಟವನ್ನು ತೋರಿಸಿದರೆ, ಬ್ರಿಟನ್ ಪುಟವೂ ಅಮೆರಿಕದ ಪುಟವನ್ನು ತೋರಿಸಬೇಕು. ಇಲ್ಲದಿದ್ದರೆ ಗೂಗಲ್ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಇನ್ನೊಂದು ಮಾತು: ಸರಿಯಾಗಿ ಹಾಕಿದ ಟ್ಯಾಗ್ ಕೂಡ ಸ್ಥಾನ ಏರಿಸುವುದಿಲ್ಲ. ಯಾರಿಗೆ ಯಾವ ಪುಟ ತೋರಿಸಬೇಕು ಅಂತ ತಿಳಿಸುತ್ತದೆ, ಅಷ್ಟೇ.

ಕೊನೆಗೆ ಮೂರು ಪುಟಗಳನ್ನು ತೆಗೆದು, ಅವುಗಳ ವಿಳಾಸಕ್ಕೆ ಬಂದವರು ಉಳಿದ ಒಂದಕ್ಕೇ ಹೋಗುವ ಹಾಗೆ ರೀಡೈರೆಕ್ಟ್ ಮಾಡಿದೆ. ಹೆಚ್ಚಿನವರಿಗೆ ಒಂದು ಗಟ್ಟಿ ಲೇಖನವೇ ಸಾಕು. ಬೆಲೆ, ಕಾನೂನು, ಅಂಗಡಿ, ಅಳತೆ ನಿಜವಾಗಿ ಬೇರೆಯಾದಾಗ ಮಾತ್ರ ಬೇರೆ ಪುಟ ಮಾಡಿ. ಬೇರೆ ಪುಟ ಇದ್ದರೂ ಓದುಗರನ್ನು ದೇಶ ನೋಡಿ ತಾನಾಗೇ ಎಳೆದುಕೊಂಡು ಹೋಗಬೇಡಿ. ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಪ್ರೋಗ್ರಾಮ್ ಗೂಗಲ್‌ಬಾಟ್ ಹೆಚ್ಚಾಗಿ ಅಮೆರಿಕದಿಂದಲೇ ಬರುವುದರಿಂದ ಉಳಿದ ಪುಟಗಳು ಅದಕ್ಕೆ ಕಾಣದೇ ಹೋಗುತ್ತವೆ.

ಅಳತೆಯ ವಿಷಯ ಸಣ್ಣದಲ್ಲ. ನನ್ನ ರವೆ ಕೇಕ್ ಲೇಖನದಲ್ಲಿ "180 ಡಿಗ್ರಿ" ಅಂತಷ್ಟೇ ಇತ್ತು. ಓಹಾಯೋದಿಂದ ಒಬ್ಬರು ಇಮೇಲ್ ಮಾಡಿದರು, ಒಂದು ಗಂಟೆಯಾದರೂ ಹಿಟ್ಟು ಹಿಟ್ಟಾಗೇ ಇದೆ ಅಂತ. ಅವರ ಓವನ್ ಫ್ಯಾರನ್‌ಹೀಟ್‌ನದು. 180 ಅಂದರೆ ಅಲ್ಲಿ ನಮ್ಮ 82 ಡಿಗ್ರಿ. ಪಾಪ, ಮಗುವಿನ ಹುಟ್ಟುಹಬ್ಬವಂತೆ. ಅವತ್ತಿನಿಂದ 180 ಸೆಲ್ಸಿಯಸ್, 350 ಫ್ಯಾರನ್‌ಹೀಟ್ ಅಂತ ಎರಡನ್ನೂ ಬರೆಯುತ್ತೇನೆ. ಆಸ್ಟ್ರೇಲಿಯಾದ ಟೇಬಲ್‌ಸ್ಪೂನ್ 20 ಮಿ.ಲೀ., ಬೇರೆ ಕಡೆ 15. ಅದಕ್ಕೇ ಗ್ರಾಂ, ಮಿ.ಲೀ. ಕೂಡ ಕೊಡುತ್ತೇನೆ. ಹೀಗೆ ತಿದ್ದಿದ ಲೇಖನ ಓದಿ ಮಾಡಿದವರು ಇನ್ನೊಬ್ಬರಿಗೆ ಲಿಂಕ್ ಕಳಿಸುತ್ತಾರೆ. ಆಯಾ ದೇಶದ ಸೈಟುಗಳಿಂದ ಬರುವ ಲಿಂಕಿಗಿಂತ ದೊಡ್ಡ ಸಹಾಯ ನಾನು ಕಂಡಿಲ್ಲ.

ಹೊಸದಾಗಿ ಶುರು ಮಾಡುವವರು ಡೊಮೈನ್, ಅಂದರೆ ಸೈಟಿನ ವಿಳಾಸದ ವಿಷಯದಲ್ಲಿ ಎಚ್ಚರ. "ಡಾಟ್ ಇನ್" ತಗೊಂಡರೆ ಇದು ಭಾರತದವರಿಗೆ ಅಂತ ಗೂಗಲ್ ತಿಳಿಯುತ್ತದೆ. ಹೊರದೇಶದ ಓದುಗರೂ ಬೇಕಾದರೆ "ಡಾಟ್ ಕಾಮ್" ಇರಲಿ.

ತಿದ್ದಿದ ಮೇಲೆ ಎರಡು ಮೂರು ತಿಂಗಳು ಬಿಟ್ಟು ಅದೇ ದೇಶದ ಫಿಲ್ಟರ್ ಹಾಕಿ ನೋಡಿ. ದಿನಾ ನೋಡಿದರೆ ಏನೂ ತಿಳಿಯಲ್ಲ. ಋತುವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೆಲ್ಬರ್ನ್‌ನಲ್ಲಿ ಜೂನ್, ಜುಲೈ ಅಂದರೆ ಚಳಿಗಾಲ. ಮೆಣಸಿನ ಸಾರಿನ ಲೇಖನವನ್ನು ಅವರಿಗೆಂದು ನಾನು ಏಪ್ರಿಲ್‌ನಲ್ಲೇ ತಿದ್ದಿಡುತ್ತೇನೆ, ಇಲ್ಲಿ ನಾವು ಮಜ್ಜಿಗೆ ಕುಡಿಯುತ್ತಾ ಇರುವಾಗ.